ಹೊರಬಿಡುವ ನೀರು ಕೆಟ್ಟಾಗ: ಸಣ್ಣ ಪಟ್ಟಣದ ಎಸ್‌ಟಿಪಿಯಲ್ಲಿ ದೋಷ ಹುಡುಕುವ ಬಗೆ

ಕೊಳಚೆ ಶುದ್ಧೀಕರಣ ಘಟಕದಿಂದ (ಎಸ್‌ಟಿಪಿ) ಹೊರಬಿಡುವ ನೀರು ಎಷ್ಟು ಕೊಳಕಾಗಿದೆ ಎಂದು ಹೇಳುವುದು ಬಿಒಡಿ ಪರೀಕ್ಷೆ, ಅಂದರೆ ನೀರಿನ ಸಾವಯವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕೆಂಬ ಅಳತೆ. ಅದಕ್ಕೆ ಕಾಯದೆ ವಿಧಿಯಿಲ್ಲ. ಮಾದರಿಯನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ದಿನ, ಇಲ್ಲವೇ 27 ಡಿಗ್ರಿಯಲ್ಲಿ 3 ದಿನ ಇಟ್ಟ ಮೇಲೆಯೇ ಅಂಕಿ ಸಿಗುವುದು. ಘಟಕ ಕೆಟ್ಟಿದೆ ಎಂದು ಪ್ರಯೋಗಾಲಯ ಹೇಳುವಷ್ಟರಲ್ಲಿ ಆ ನೀರು ನದಿ ಸೇರಿ ಎಷ್ಟೋ ದೂರ ಹೋಗಿರುತ್ತದೆ. ಹಾಗಾಗಿ ದೋಷ ಹುಡುಕುವ ಕೆಲಸವನ್ನು ಅಂದೇ ಉತ್ತರ ಕೊಡುವ ಸಾಧನಗಳಿಂದ ಮಾಡಬೇಕು: ಒಂದು ಗಾಜಿನ ಜಾಡಿ, ಡಿಒ (ನೀರಿನಲ್ಲಿ ಕರಗಿರುವ ಆಮ್ಲಜನಕ) ಮೀಟರ್, ಪಿಎಚ್ (ಆಮ್ಲ-ಕ್ಷಾರ ಗುಣ) ಮೀಟರ್, ಗಾಳಿ ಊದುವ ಬ್ಲೋವರ್‌ನ ಪ್ರೆಶರ್ ಗೇಜ್, ಲಾಗ್ ಪುಸ್ತಕ, ಕಣ್ಣು, ಮೂಗು. ಪ್ರಯೋಗಾಲಯದ ವರದಿ ಆಮೇಲೆ ಬಂದು ನಿಮ್ಮ ತೀರ್ಮಾನವನ್ನು ಒಪ್ಪಲಿ, ಇಲ್ಲವೇ ತಿದ್ದಲಿ.

ಇಲ್ಲಿರುವುದೆಲ್ಲ ಆಕ್ಟಿವೇಟೆಡ್ ಸ್ಲಡ್ಜ್ ಘಟಕಗಳ ಬಗ್ಗೆ. ಮ್ಯಾಂಚೆಸ್ಟರ್‌ನ ಆರ್ಡರ್ನ್ ಮತ್ತು ಲಾಕೆಟ್ 1914ರಲ್ಲಿ ಪ್ರಕಟಿಸಿದ ಈ ವಿಧಾನದ ಜೀವಾಳ ಒಂದೇ ಉಪಾಯ: ಗಾಳಿ ಕೊಟ್ಟ ಮೇಲೆ ತಳಕ್ಕಿಳಿಯುವ ಕೆಸರನ್ನು ಎಸೆಯದೆ, ಹೊಸದಾಗಿ ಬರುವ ಕೊಳಚೆಗೆ ಮತ್ತೆ ಬೆರೆಸುವುದು. ಆ ಕೆಸರೇ ಸೂಕ್ಷ್ಮಜೀವಿಗಳ ಬೀಡು. ಘಟಕದಲ್ಲಿ ಗಾಳಿ ಕೊಡುವ ತೊಟ್ಟಿ ಏರೇಶನ್ ಟ್ಯಾಂಕ್, ಕೆಸರು ತಳಕ್ಕಿಳಿಯುವ ತೊಟ್ಟಿ ಕ್ಲಾರಿಫೈಯರ್, ಕೆಸರನ್ನು ಮರಳಿ ಕಳಿಸುವುದು ರಿಟರ್ನ್ ಪಂಪ್. ಹೀಗಾಗಿ ದೋಷ ಎಲ್ಲಿದ್ದರೂ ಕೊನೆಗೆ ಮೂರರಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ಜೀವಿಗಳಿಗೆ ಗಾಳಿ ಸಾಲುತ್ತಿಲ್ಲ, ಕೆಸರಿನ ಪ್ರಮಾಣ ಹದ ತಪ್ಪಿದೆ, ಅಥವಾ ಕೆಸರು ನೀರಿನಿಂದ ಬೇರೆಯಾಗುತ್ತಿಲ್ಲ.

ಮೊದಲು ಯಾವ ವಾಲ್ವನ್ನೂ ಮುಟ್ಟಬೇಡಿ

ನೀರು ರಾಡಿಯಾಗಿ ಕಂಡ ಕೂಡಲೇ ಗಾಳಿ ಹೆಚ್ಚಿಸಿ, ರಿಟರ್ನ್ ಪಂಪ್ ಜೋರು ಮಾಡಿ, ಕ್ಲೋರಿನ್ ಏರಿಸಿ, ಮೂರನ್ನೂ ಒಟ್ಟಿಗೆ ಮಾಡುವುದುಂಟು. ಆಮೇಲೆ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು; ಹೋಗದಿದ್ದರೆ ಮೂಲ ದೋಷದ ಮೇಲೆ ಹೊಸ ದೋಷವೊಂದು ಕೂತಿರುತ್ತದೆ. ಯಂತ್ರದ ದೋಷ ಸರಿಪಡಿಸಿದರೆ ಫಲ ಗಂಟೆಗಳಲ್ಲಿ ಕಾಣುತ್ತದೆ. ಕೆಸರಿನ ಗುಣದ ದೋಷ ಹಾಗಲ್ಲ. ಕೆಸರು ತೊಟ್ಟಿಯಲ್ಲಿ ಸರಾಸರಿ ಎಷ್ಟು ದಿನ ಉಳಿಯುತ್ತದೋ ಅದರ ಎರಡು ಮೂರು ಪಟ್ಟು ಕಾಲ ಕಳೆದ ಮೇಲೆಯೇ ಬದಲಾವಣೆಯ ಪೂರ್ತಿ ಪರಿಣಾಮ ಗೊತ್ತಾಗುವುದು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಸಮಯ ಸಹಿತ ಬರೆದಿಡಿ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಪಂಪ್ ಮಾಡಲು ಕೊಳಚೆ ಕೂಡಿಡುವ ಗುಂಡಿಯಾದ ವೆಟ್‌ವೆಲ್‌ಗಾಗಲಿ ಮ್ಯಾನ್‌ಹೋಲ್‌ಗಾಗಲಿ ಇಳಿದು ನೋಡುವುದು ದೋಷ ಹುಡುಕುವ ಕ್ರಮವಲ್ಲ. ಅಲ್ಲಿರುವ ಹೈಡ್ರೋಜನ್ ಸಲ್ಫೈಡ್ ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ, ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ನಿಂತಿತು ಎಂದರೆ ಅಪಾಯ ಕಳೆಯಿತು ಎಂದಲ್ಲ. ಈ ಬರಹದಲ್ಲಿರುವ ಯಾವ ಪರೀಕ್ಷೆಗೂ ಗುಂಡಿಯೊಳಗೆ ಇಳಿಯುವ ಅಗತ್ಯವಿಲ್ಲ. ಮಾದರಿ ಬೇಕೆಂದರೆ ಹಗ್ಗಕ್ಕೆ ಬಕೆಟ್ ಕಟ್ಟಿ ಮೇಲಿನಿಂದ ಎತ್ತಿ.

ನದಿಯಿಂದ ಹಿಂದಕ್ಕೆ ಬನ್ನಿ

ದೂರು ಸಾಮಾನ್ಯವಾಗಿ ನದಿಯ ಕಡೆಯಿಂದ ಬರುತ್ತದೆ: ಮೀನು ಸತ್ತಿವೆ, ನೀರು ನಾರುತ್ತಿದೆ, ಕಲ್ಲುಗಳ ಮೇಲೆ ಲೋಳೆ ಕಟ್ಟಿದೆ. ಹಾಗಾಗಿ ಪರಿಶೀಲನೆಯೂ ಅಲ್ಲಿಂದಲೇ ಶುರುವಾಗಲಿ. ಔಟ್‌ಫಾಲ್‌ಗಿಂತ (ಘಟಕದ ನೀರು ನದಿಗೆ ಬೀಳುವ ಜಾಗ) ಮೇಲ್ಭಾಗದಲ್ಲಿ ಒಂದು ಮಾದರಿ, ಔಟ್‌ಫಾಲ್‌ನದೇ ಒಂದು, ನೀರು ಪೂರ್ತಿ ಬೆರೆತ ಮೇಲೆ ಕೆಳಗೆ ಒಂದು, ಇನ್ನೂ ಕೆಳಗೆ ಒಂದೆರಡು. ಮೇಲ್ಭಾಗದ ನೀರೇ ಕೆಟ್ಟಿದ್ದರೆ ತಪ್ಪಿತಸ್ಥ ಬೇರೆಲ್ಲೋ ಇದ್ದಾನೆ. ಔಟ್‌ಫಾಲ್ ನೀರು ಚೆನ್ನಾಗಿದ್ದೂ ಕೆಳಗೆ ಕೆಟ್ಟಿದ್ದರೆ, ದಾರಿಯಲ್ಲಿ ಪಂಪ್‌ಹೌಸ್‌ನ ಓವರ್‌ಫ್ಲೋ ಕೊಳವೆಯೋ ಸರಿಯಾಗಿ ಮುಚ್ಚದ ಬೈಪಾಸ್ ಗೇಟೋ ನದಿಗೆ ತೆರೆದುಕೊಂಡಿದೆಯೇ ನೋಡಿ. ಎಸ್‌ಟಿಪಿಯೊಳಗೆ ಕಾಲಿಡದೆ ನೇರ ನದಿಗೆ ಹೋಗುವ ಕೊಳಚೆಯನ್ನು ಎಸ್‌ಟಿಪಿಯ ಯಾವ ವರದಿಯೂ ತೋರಿಸುವುದಿಲ್ಲ.

ಔಟ್‌ಫಾಲ್‌ನ ಪಕ್ಕದಲ್ಲೇ ಡಿಒ ಅಳೆದು ಎಲ್ಲ ಸರಿಯಿದೆ ಎಂದು ಬರೆದುಬಿಡುವುದು ದೊಡ್ಡ ಎಡವಟ್ಟು. ಕೊಳಚೆಯಲ್ಲಿರುವ ಸಾವಯವ ಪದಾರ್ಥ ನದಿಗೆ ಬಿದ್ದ ಕೂಡಲೇ ಆಮ್ಲಜನಕವನ್ನು ನುಂಗಿಬಿಡುವುದಿಲ್ಲ. ಹರಿಯುತ್ತ ಹರಿಯುತ್ತ ಬಳಸುತ್ತದೆ. ಅತ್ತ ಗಾಳಿಯಿಂದ ನೀರಿಗೆ ಹೊಸ ಆಮ್ಲಜನಕ ಸೇರುತ್ತಲೇ ಇರುತ್ತದೆ. ಈ ಎರಡರ ಜಗ್ಗಾಟದಲ್ಲಿ ಡಿಒ ಅತಿ ಕಡಿಮೆಯಾಗುವ ಜಾಗ ಔಟ್‌ಫಾಲ್‌ನಿಂದ ಸಾಕಷ್ಟು ಕೆಳಗಿರುತ್ತದೆ. ಓಹಾಯೋ ನದಿಯ ಅಧ್ಯಯನದಿಂದ ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲಿ ಇದಕ್ಕೊಂದು ಸಮೀಕರಣ ಕೊಟ್ಟರು. ಇಂದಿಗೂ ನದಿಯ ಲೆಕ್ಕಾಚಾರ ಅಲ್ಲಿಂದಲೇ ಶುರುವಾಗುತ್ತದೆ. ಬೇಸಿಗೆಯಲ್ಲಿ ಹೊಡೆತ ಇಮ್ಮಡಿ. ಹರಿವು ಕಡಿಮೆಯಾಗಿರುತ್ತದೆ, ಜೊತೆಗೆ ಬೆಚ್ಚಗಿನ ನೀರು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವುದೂ ಕಡಿಮೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಶುದ್ಧ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯ ನೀರು ಹಿಡಿಯುವುದು ಸುಮಾರು 7.5 ಮಾತ್ರ.

ಮೀನು ಯಾವ ಹೊತ್ತಿನಲ್ಲಿ ಒದ್ದಾಡಿದವು ಎಂದು ದಡದವರನ್ನು ಕೇಳಿ. ಈ ಪ್ರಶ್ನೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ. ಪಾಚಿ ಹಗಲು ಆಮ್ಲಜನಕ ಕೊಟ್ಟು ರಾತ್ರಿ ಬಳಸುವುದರಿಂದ ಡಿಒ ಅತಿ ಕೆಳಗಿಳಿಯುವುದು ಸೂರ್ಯ ಹುಟ್ಟುವ ಮುಂಚೆ. ನಸುಕಿನಲ್ಲಿ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ಮೊದಲ ಶಂಕೆ ಆಮ್ಲಜನಕದ ಕೊರತೆ. ಮಧ್ಯಾಹ್ನದ ಬಿಸಿಲಿನಲ್ಲಿ ಸತ್ತರೆ ಅಮೋನಿಯವನ್ನು ಶಂಕಿಸಿ. ಪಾಚಿ ಹಗಲಿನಲ್ಲಿ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ನೀರಿನ ಪಿಎಚ್ ಏರಿಸುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಮೀನಿಗೆ ವಿಷವಾಗುವ ಮುಕ್ತ ಅಮೋನಿಯದ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. 25 ಡಿಗ್ರಿಯಲ್ಲಿ ಅದು ಶೇ. 0.6ರಿಂದ ಶೇ. 5ರ ಆಸುಪಾಸಿಗೆ ಜಿಗಿಯುತ್ತದೆ. ಹೊತ್ತಿನ ಹಂಗಿಲ್ಲದೆ, ಔಟ್‌ಫಾಲ್‌ನ ಬುಡದಲ್ಲೇ ಸತ್ತಿದ್ದರೆ ಉಳಿಕೆ ಕ್ಲೋರಿನ್ ಪರೀಕ್ಷಿಸಿ.

ಕಲ್ಲು ಕಡ್ಡಿಗಳಿಗೆ ಬೂದು ಬಣ್ಣದ ಎಳೆಎಳೆ ಲೋಳೆ ಅಂಟಿದ್ದರೆ, ಅರೆಬರೆ ಶುದ್ಧವಾದ ಕೊಳಚೆ ದಿನಗಟ್ಟಲೆ ಬರುತ್ತಿದೆ ಎಂದೇ ಅರ್ಥ. ಒಂದು ರಾತ್ರಿಯ ತಪ್ಪಿಗೆ ಅದು ಬೆಳೆಯುವುದಿಲ್ಲ. ಲಾಗ್ ಪುಸ್ತಕದಲ್ಲಿ ಎಲ್ಲ ದಿನವೂ ಡಿಒ 2.0 ಎಂದೇ ಬರೆದಿದ್ದು, ಹೊಳೆಯಲ್ಲಿ ಈ ಲೋಳೆ ಕಂಡರೆ ನಾನು ನಂಬುವುದು ಲೋಳೆಯನ್ನು.

ಜಾಡಿಯಲ್ಲಿ ಮೂವತ್ತು ನಿಮಿಷ

ಇನ್ನು ಘಟಕದೊಳಗೆ. ಏರೇಶನ್ ಟ್ಯಾಂಕಿನಿಂದ ನೀರು ಹೊರಹೋಗುವ ತುದಿಯಲ್ಲಿ ಮಾದರಿ ತೆಗೆದು, ತಡಮಾಡದೆ ಜಾಡಿಗೆ ಸುರಿದು 30 ನಿಮಿಷ ಅಲುಗಾಡಿಸದೆ ಬಿಡಿ. 2 ಲೀಟರಿನ ಅಗಲ ಜಾಡಿ ಉತ್ತಮ. ಕಿರಿದಾದ ಅಳತೆ ಕೊಳವೆಯಲ್ಲಿ ಕೆಸರು ಗೋಡೆಗೆ ಆತುಕೊಂಡು ಸುಳ್ಳು ಅಂಕಿ ಕೊಡುತ್ತದೆ. 30 ನಿಮಿಷದ ಕೊನೆಗೆ ಪ್ರತಿ ಲೀಟರ್ ಮಾದರಿಯಲ್ಲಿ ಕೆಸರು ಎಷ್ಟು ಮಿ.ಲೀ. ತುಂಬಿದೆ ಎಂಬುದೇ ಎಸ್‌ವಿ30. ಆ ಕೊನೆಯ ಅಂಕಿಯನ್ನಷ್ಟೇ ಬರೆದು ಜಾಡಿ ತೊಳೆಯಬೇಡಿ. ಮೊದಲ 5 ನಿಮಿಷ ಪಕ್ಕದಲ್ಲೇ ನಿಂತು ನೋಡಿ. ಆಮೇಲೆ ಎರಡು ಗಂಟೆ ಹಾಗೇ ಬಿಡಿ.

ಜಾಡಿಯಲ್ಲಿ ಕೆಸರು ಚೆನ್ನಾಗಿ ಇಳಿದು, ಮೇಲಿನ ನೀರು ತಿಳಿಯಾಗಿದೆ. ಆದರೆ ಕ್ಲಾರಿಫೈಯರ್‌ನಿಂದ ಮಾತ್ರ ಕೆಸರು ಹೊರಹೋಗುತ್ತಿದೆ. ಹೀಗಿದ್ದರೆ ಜೀವಿಗಳದೇನೂ ತಪ್ಪಿಲ್ಲ, ದೋಷ ಕ್ಲಾರಿಫೈಯರ್‌ನದು ಅಥವಾ ಹರಿವಿನದು. ಪಾರದರ್ಶಕ ಕೊಳವೆಯೊಂದನ್ನು ಇಳಿಸಿ ಕೆಸರಿನ ಹಾಸು ಎಷ್ಟು ಎತ್ತರಕ್ಕಿದೆ ಎಂದು ಅಳೆಯಿರಿ. ಹಾಸು ಮೇಲೇರಿದ್ದರೆ ರಿಟರ್ನ್ ಪಂಪ್ ನಿಂತಿದೆಯೇ, ಕೊಳವೆ ಕಟ್ಟಿದೆಯೇ, ತಳದ ಕೆಸರನ್ನು ಎಳೆಯುವ ಸ್ಕ್ರೇಪರ್ ತಿರುಗುತ್ತಿದೆಯೇ ನೋಡಿ. ಪಂಪ್ ಓಡುವ ಸದ್ದು ಬಂತೆಂದು ಬಿಡಬೇಡಿ, ಕೊಳವೆಯ ಬಾಯಲ್ಲಿ ಕೆಸರು ಬೀಳುತ್ತಿದೆಯೇ ಎಂದು ಕಣ್ಣಾರೆ ನೋಡಬೇಕು. ಹಾಸು ಕೆಳಗೇ ಇದ್ದರೆ ವೆಟ್‌ವೆಲ್ ಪಂಪ್ ಶುರುವಾದ ಕೆಲ ನಿಮಿಷಗಳ ಮೇಲೆ ಕ್ಲಾರಿಫೈಯರ್ ಬಳಿ ನಿಲ್ಲಿ. ಸಣ್ಣ ಪಟ್ಟಣಗಳಲ್ಲಿ ಒಂದೇ ದೊಡ್ಡ ಪಂಪ್ ಬಿಟ್ಟು ಬಿಟ್ಟು ಓಡುತ್ತದೆ. ಓಡಿದಾಗಲೆಲ್ಲ ಕ್ಲಾರಿಫೈಯರ್‌ಗೆ ತನ್ನ ಸಾಮರ್ಥ್ಯ ಮೀರಿದ ನೀರು ನುಗ್ಗಿ, ಕೆಸರನ್ನು ಎತ್ತಿ ಹೊರಹಾಕುತ್ತದೆ. ದಿನದ ಒಟ್ಟು ಹರಿವಿನ ಅಂಕಿಯಲ್ಲಿ ಇದು ಕಾಣುವುದೇ ಇಲ್ಲ. ಲೆವೆಲ್ ಸ್ವಿಚ್‌ಗಳನ್ನು ಸರಿಹೊಂದಿಸುವುದು, ಚಿಕ್ಕ ಪಂಪನ್ನು ಹೆಚ್ಚು ಹೊತ್ತು ಓಡಿಸುವುದು, ಪಂಪಿಗೆ ವೇಗ ಬದಲಿಸುವ ವಿಎಫ್‌ಡಿ ಹಾಕುವುದು, ಇವು ಮದ್ದು. ನೀರು ಹೊರಚೆಲ್ಲುವ ಅಂಚು (ವೀರ್) ಒಂದು ಬದಿಗೆ ವಾಲಿ ನೀರೆಲ್ಲ ಅಲ್ಲಿಂದಲೇ ಇಳಿಯುತ್ತಿದ್ದರೆ ಮಟ್ಟ ಸರಿಪಡಿಸಿ.

ಕೆಸರು ಚೆನ್ನಾಗಿ ಇಳಿದು, ಒಂದೆರಡು ಗಂಟೆಯಲ್ಲಿ ಹೆಂಟೆ ಹೆಂಟೆಯಾಗಿ ಮೇಲೆ ತೇಲಿದರೆ ತಳದಲ್ಲಿ ಡಿನೈಟ್ರಿಫಿಕೇಶನ್ ನಡೆಯುತ್ತಿದೆ. ಆಮ್ಲಜನಕ ಮುಗಿದ ಮೇಲೆ ಜೀವಿಗಳು ನೈಟ್ರೇಟ್ ಬಳಸಿ ಸಾರಜನಕ ಅನಿಲ ಬಿಡುತ್ತವೆ, ಗುಳ್ಳೆಗಳು ಕೆಸರನ್ನು ಎತ್ತುತ್ತವೆ. ಕಡ್ಡಿಯಿಂದ ತಟ್ಟಿ ನೋಡಿ. ಗುಳ್ಳೆ ಬಿಟ್ಟು ಮತ್ತೆ ಮುಳುಗಿದರೆ ಇದೇ. ಕ್ಲಾರಿಫೈಯರ್‌ನಲ್ಲಿ ಕೆಸರು ನಿಲ್ಲುವ ಹೊತ್ತನ್ನು ಕಡಿಮೆ ಮಾಡಿ, ಅಂದರೆ ರಿಟರ್ನ್ ಹೆಚ್ಚಿಸಿ. ಇದು ಒಂದು ಲೆಕ್ಕಕ್ಕೆ ಒಳ್ಳೆಯ ಲಕ್ಷಣವೂ ಹೌದು, ಅಮೋನಿಯ ನೈಟ್ರೇಟ್ ಆಗುತ್ತಿದೆ ಎಂದಾಯಿತು.

ಕೆಸರು ಬೇಗ ಬೇಗ ಇಳಿದು, ಮೇಲಿನ ನೀರಿನಲ್ಲಿ ಸಣ್ಣ ಚುಕ್ಕೆಗಳು ತೇಲುತ್ತಿದ್ದರೆ ಕೆಸರು ಹಳತಾಗಿದೆ. ಮುಂದಿನ ಜನಸಂಖ್ಯೆಗೆಂದು ಕಟ್ಟಿದ ಘಟಕಕ್ಕೆ ಈಗಿನ ಕೊಳಚೆ ಸಾಲದಿದ್ದಾಗ ಹೀಗಾಗುವುದು ಮಾಮೂಲು. ಎರಡು ತೊಟ್ಟಿಗಳಿದ್ದರೆ ಒಂದನ್ನು ನಿಲ್ಲಿಸುವುದು ಉತ್ತಮ.

ನಾಲ್ಕನೆಯದು ನಿಜವಾದ ತಲೆನೋವು: ಅರ್ಧ ಗಂಟೆಯಾದರೂ ಕೆಸರು ಇಳಿಯುವುದೇ ಇಲ್ಲ. ಇಲ್ಲಿ ಎರಡು ಬೇರೆ ಬೇರೆ ರೋಗಗಳು ಒಂದೇ ರೂಪ ತಾಳುತ್ತವೆ. ಒಂದು, ಕೆಸರು ಅತಿಯಾಗಿ ಕಿಕ್ಕಿರಿದಿದೆ. ಇನ್ನೊಂದು, ಎಳೆಯಂಥ ಬ್ಯಾಕ್ಟೀರಿಯಾ ಹೆಚ್ಚಿ ಕೆಸರು ಉಬ್ಬಿದೆ. ಇದನ್ನೇ ಬಲ್ಕಿಂಗ್ ಎನ್ನುವುದು. ಬೇರ್ಪಡಿಸಲು ಇನ್ನೊಂದು ಜಾಡಿ ಸಾಕು. ಅರ್ಧ ಮಾದರಿ, ಅರ್ಧ ತಿಳಿನೀರು ಬೆರೆಸಿ ಮತ್ತೆ 30 ನಿಮಿಷ ಬಿಡಿ. ಮೊದಲು 900 ಮಿ.ಲೀ. ತೋರಿಸಿದ್ದು ಈಗ 300ರ ಸುಮಾರಿಗೆ ಇಳಿದರೆ ಕೆಸರು ಹೆಚ್ಚಾಗಿದೆ, ಹೊರತೆಗೆಯಿರಿ. 700ರ ಹತ್ತಿರವೇ ನಿಂತರೆ ಬಲ್ಕಿಂಗ್. ಎಂಎಲ್‌ಎಸ್‌ಎಸ್ (ಏರೇಶನ್ ಟ್ಯಾಂಕಿನ ಪ್ರತಿ ಲೀಟರ್‌ನಲ್ಲಿರುವ ಕೆಸರಿನ ತೂಕ) ಗೊತ್ತಿದ್ದರೆ ಎಸ್‌ವಿಐ (ಒಂದು ಗ್ರಾಂ ಕೆಸರು ಇಳಿದ ಮೇಲೆ ಹಿಡಿಯುವ ಜಾಗ) ಲೆಕ್ಕ ಹಾಕಿ: ಎಸ್‌ವಿ30 ಅನ್ನು 1000ದಿಂದ ಗುಣಿಸಿ ಎಂಎಲ್‌ಎಸ್‌ಎಸ್‌ನಿಂದ ಭಾಗಿಸಬೇಕು. 600 ಮಿ.ಲೀ., 2500 ಮಿ.ಗ್ರಾಂ. ಇದ್ದರೆ 240. ಸಾಮಾನ್ಯವಾಗಿ 150 ದಾಟಿದರೆ ಎಚ್ಚರ ಬೇಕು.

ಬಲ್ಕಿಂಗ್ ಎಂದು ಖಚಿತವಾದ ಮೇಲೆ ಕಾರಣ ಬೇಕು, ಎಳೆಗಳು ಹಲವು ಕಾರಣಕ್ಕೆ ಬೆಳೆಯುತ್ತವೆ. ಡಿಒ ಕಡಿಮೆ ಇರುವುದು ಮೊದಲನೆಯದು. ಕೊಳಚೆ ದಾರಿಯಲ್ಲೇ ಕೊಳೆತು ಸಲ್ಫೈಡ್ ತುಂಬಿ ಬರುವುದು ಎರಡನೆಯದು. ಒಳಬರುವ ನೀರು ಕಪ್ಪಗಿದ್ದು ನಾರುತ್ತಿದ್ದರೆ ಅದೇ. ಪಿಎಚ್ 6ಕ್ಕಿಂತ ಇಳಿದರೆ ಶಿಲೀಂಧ್ರದ ಎಳೆಗಳು ಮೇಲುಗೈ ಪಡೆಯುತ್ತವೆ. ಆಹಾರ ಸಂಸ್ಕರಣೆಯಂಥ ಉದ್ಯಮದ ನೀರು ಸೇರುತ್ತಿದ್ದರೆ ಸಾರಜನಕ ಮತ್ತು ರಂಜಕ ಸಾಲದೆ ಹೋಗಬಹುದು. ಬಿಒಡಿ, ಸಾರಜನಕ, ರಂಜಕ 100:5:1 ಎನ್ನುವುದು ಹಳೆಯ ಅಳತೆಗೋಲು. ಮನೆಗಳ ಕೊಳಚೆಯಲ್ಲಿ ಈ ಕೊರತೆ ಬರುವುದಿಲ್ಲ. ಸೂಕ್ಷ್ಮದರ್ಶಕ ಇದ್ದರೆ ಎಳೆಗಳ ಬಗೆಯಿಂದಲೇ ಕಾರಣ ಊಹಿಸಬಹುದು. ರಿಟರ್ನ್ ಕೆಸರಿಗೆ ಹದವಾಗಿ ಕ್ಲೋರಿನ್ ಹಾಕಿದರೆ ಹೊರಚಾಚಿದ ಎಳೆಗಳು ಸತ್ತು ಒಂದಿಷ್ಟು ಬಿಡುವು ಸಿಗುತ್ತದೆ. ಕಾರಣ ಹಾಗೇ ಉಳಿದರೆ ಎಳೆಗಳು ಮರಳುತ್ತವೆ. ಪ್ರಮಾಣ ಹೆಚ್ಚಾದರೆ ಬೇಕಾದ ಜೀವಿಗಳೂ ಸಾಯುತ್ತವೆ.

ಗಾಳಿಯ ಲೆಕ್ಕ

ಏರೇಶನ್ ಟ್ಯಾಂಕಿನಲ್ಲಿ ಲೀಟರಿಗೆ 2 ಮಿ.ಗ್ರಾಂ. ಆಸುಪಾಸಿನ ಡಿಒ ಇರಬೇಕು. ಅಳೆಯುವ ಮುನ್ನ ಮೀಟರ್‌ನ ತುದಿ ಒರೆಸಿ, ತೇವದ ಗಾಳಿಯಲ್ಲಿ ಹಿಡಿದು ಆ ತಾಪಮಾನಕ್ಕೆ ತಕ್ಕ ಅಂಕಿ ತೋರಿಸುತ್ತದೆಯೇ ನೋಡಿ. ಬೆಳಗಿನ ಹೊತ್ತು ಕೊಳಚೆ ಜೋರಾಗಿ ಬರುವಾಗಲೂ ಅಳೆಯಿರಿ, ತೊಟ್ಟಿಯ ನಾಲ್ಕು ಮೂಲೆಯಲ್ಲೂ ಅಳೆಯಿರಿ. ನಡು ಹಗಲಿನ ಒಂದೇ ಅಂಕಿಯಿಂದ ಏನೂ ತಿಳಿಯದು.

ಗೇಜ್ ಓದಲು ಸರಳ ಲೆಕ್ಕವಿದೆ. ಒಂದು ಮೀಟರ್ ನೀರಿನ ಒತ್ತಡ ಸುಮಾರು 9.8 ಕಿಲೋಪಾಸ್ಕಲ್. ತೊಟ್ಟಿಯ ತಳದಲ್ಲಿ ಗಾಳಿಯನ್ನು ಗುಳ್ಳೆಗಳಾಗಿ ಬಿಡುವ ಡಿಫ್ಯೂಸರ್ ಮೇಲೆ 4 ಮೀಟರ್ ನೀರಿದ್ದರೆ ನೀರಿನ ಪಾಲೇ 39. ಕೊಳವೆ ಮತ್ತು ಡಿಫ್ಯೂಸರ್‌ನ ತಡೆ ಅದರ ಮೇಲೆ. ಘಟಕ ಹೊಸದಾಗಿದ್ದಾಗಿನ ಅಂಕಿಗಿಂತ ಒತ್ತಡ ತಿಂಗಳಿಂದ ತಿಂಗಳಿಗೆ ಏರುತ್ತಿದ್ದು, ಮೋಟರ್‌ನ ಆಂಪ್ಸ್ ಕೂಡ ಏರುತ್ತಿದ್ದರೆ ಡಿಫ್ಯೂಸರ್‌ಗಳ ರಂಧ್ರ ಕಟ್ಟುತ್ತಿವೆ. ಒತ್ತಡ ಥಟ್ಟನೆ ಇಳಿದು ಒಂದೇ ಕಡೆ ನೀರು ಕುದಿಯುವಂತೆ ಉಕ್ಕುತ್ತಿದ್ದರೆ ಡಿಫ್ಯೂಸರ್‌ನ ಪೊರೆ (ಮೆಂಬ್ರೇನ್) ಹರಿದಿದೆ ಅಥವಾ ಕೊಳವೆ ಬಿಟ್ಟಿದೆ. ಗಾಳಿಯೆಲ್ಲ ಅಲ್ಲೇ ಹೋಗಿ ಉಳಿದ ಭಾಗ ಉಸಿರುಗಟ್ಟುತ್ತದೆ. ಬ್ಲೋವರ್ ಓಡಿದ ಗಂಟೆಗಳನ್ನು ಎಣಿಸುವ, ಪ್ಯಾನಲ್‌ನ ಅವರ್ ಮೀಟರನ್ನು ಲಾಗ್ ಪುಸ್ತಕದ ಜೊತೆ ಹೋಲಿಸಿ. ರಾತ್ರಿ ಕರೆಂಟು ಹೋದಾಗಲೋ ಬಿಲ್ಲು ಉಳಿಸಲೋ ಬ್ಲೋವರ್ ನಿಂತಿದ್ದರೆ ಅವರ್ ಮೀಟರ್ ಮುಚ್ಚಿಡುವುದಿಲ್ಲ.

ಬ್ಲೋವರ್ ಬದಲಾಗಿಲ್ಲ, ಆದರೂ ಡಿಒ ದಿಢೀರನೆ ಏರಿದೆ ಎಂದರೆ ಖುಷಿಪಡಬೇಡಿ. ಬಳಸುವ ಜೀವಿಗಳು ಸತ್ತಿರಬಹುದು. ಜಾಡಿಯಲ್ಲಿ ಮೇಲಿನ ನೀರೂ ಮಬ್ಬಾಗಿದ್ದರೆ ಯಾವುದೋ ವಿಷಕಾರಿ ನೀರು ಒಳಬಂದಿದೆ. ಒಳಬರುವ ನೀರಿನ ಬಣ್ಣ, ವಾಸನೆ, ಪಿಎಚ್ ಬರೆದು, ಒಂದು ಬಾಟಲಿ ತಣ್ಣಗೆ ಎತ್ತಿಟ್ಟು, ಕೊಳವೆ ಕವಲೊಡೆಯುವ ಮ್ಯಾನ್‌ಹೋಲ್‌ಗಳಲ್ಲಿ ಒಂದೊಂದಾಗಿ ಮೇಲಕ್ಕೆ ಹುಡುಕುತ್ತ ಹೋಗಿ. ಡಿಒ ದಿಢೀರನೆ ಕುಸಿದರೆ ಅದು ಹೊರೆಯ ಏರಿಕೆ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಟ್ಯಾಂಕರ್ ಯಾವ ಹೊತ್ತಿನಲ್ಲಿ ಸುರಿದು ಹೋಯಿತು ಎಂದು ವಿಚಾರಿಸಿ. ಒಂದೇ ಟ್ಯಾಂಕರ್ ಸಣ್ಣ ಘಟಕವನ್ನು ಅರ್ಧ ದಿನ ಮಲಗಿಸಬಲ್ಲದು. ಸುರಿಯಲೇಬೇಕೆಂದರೆ ಬೇರೆ ತೊಟ್ಟಿಯಲ್ಲಿ ಹಿಡಿದು ರಾತ್ರಿ ನಿಧಾನವಾಗಿ ಬಿಡಿ.

ಅಮೋನಿಯ ಇಳಿಯದಿದ್ದರೆ

ಬಿಒಡಿ ಚೆನ್ನಾಗಿದೆ, ನೀರು ತಿಳಿಯಾಗಿದೆ, ಅಮೋನಿಯ ಮಾತ್ರ ಹಾಗೇ ಇದೆ. 1 ಮಿ.ಗ್ರಾಂ. ಅಮೋನಿಯ ಸಾರಜನಕ ನೈಟ್ರೇಟ್ ಆಗಲು ಸುಮಾರು 4.6 ಮಿ.ಗ್ರಾಂ. ಆಮ್ಲಜನಕ ಬೇಕು, ಜೊತೆಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 7.1 ಮಿ.ಗ್ರಾಂ. ಕ್ಷಾರತೆ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಖರ್ಚಾಗುತ್ತದೆ. ಈ ಎರಡನೆಯದನ್ನು ಮರೆಯುವವರೇ ಹೆಚ್ಚು. ಒಳಬರುವ ಅಮೋನಿಯ ಸಾರಜನಕ 40 ಇದ್ದರೆ ಬೇಕಾಗುವ ಕ್ಷಾರತೆ ಸುಮಾರು 285. ನೀರಿನಲ್ಲಿರುವುದು 200 ಆದರೆ ಕೆಲಸ ನಡುವೆಯೇ ನಿಲ್ಲುತ್ತದೆ, ಪಿಎಚ್ ಕುಸಿಯುತ್ತದೆ. ಆಗ ಎಷ್ಟು ಗಾಳಿ ಊದಿದರೂ ಕರೆಂಟು ಖರ್ಚಾದೀತೇ ಹೊರತು ಅಮೋನಿಯ ಇಳಿಯದು. ಸುಣ್ಣವನ್ನೋ ಸೋಡಾವನ್ನೋ ಅಳೆದು ಹಾಕಬೇಕು, ಇಲ್ಲವೇ ಗಾಳಿಯಿಲ್ಲದ ವಲಯವೊಂದನ್ನು ಮಾಡಿ ಡಿನೈಟ್ರಿಫಿಕೇಶನ್‌ನಿಂದ ಅರ್ಧದಷ್ಟು ಕ್ಷಾರತೆ ಮರಳಿ ಪಡೆಯಬೇಕು. ಪಿಎಚ್, ಡಿಒ ಎರಡೂ ಸರಿಯಿದ್ದರೆ ಕೆಸರನ್ನು ಇತ್ತೀಚೆಗೆ ಅತಿಯಾಗಿ ಹೊರತೆಗೆದಿರಬಹುದು. ಅಮೋನಿಯವನ್ನು ನೈಟ್ರೇಟ್ ಮಾಡುವ ಜೀವಿಗಳು ನಿಧಾನವಾಗಿ ಬೆಳೆಯುತ್ತವೆ, ಚಳಿಯಲ್ಲಿ ಇನ್ನೂ ನಿಧಾನ. ಒಮ್ಮೆ ಕಳೆದುಕೊಂಡರೆ ವಾರಗಟ್ಟಲೆ ಕಾಯಬೇಕು.

ಹೊರತೆಗೆಯದ ಕೆಸರು

ಸಣ್ಣ ಪಟ್ಟಣದ ಘಟಕಗಳಲ್ಲಿ ಮೊದಲು ಶಂಕಿಸಬೇಕಾದದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ. ಒಣಹಾಕುವ ಹಾಸುಗಳು ತುಂಬಿರುತ್ತವೆ, ಸಾಗಿಸುವ ಗಾಡಿ ಬಂದಿರುವುದಿಲ್ಲ, ಹಾಗಾಗಿ ಆಪರೇಟರ್ ಕೆಸರು ತೆಗೆಯುವುದನ್ನು ನಿಲ್ಲಿಸುತ್ತಾನೆ. ಅವನದೂ ತಪ್ಪೆನ್ನಲಾಗದು, ತೆಗೆದು ಎಲ್ಲಿ ಹಾಕಬೇಕು? ಕೆಲವು ದಿನ ನೀರು ಇನ್ನೂ ತಿಳಿಯಾಗಿಯೇ ಕಾಣುತ್ತದೆ. ಆಮೇಲೆ ಕ್ಲಾರಿಫೈಯರ್ ತುಂಬಿ, ಮಳೆಯ ಮೊದಲ ಹೊಡೆತಕ್ಕೆ ಕೆಸರೆಲ್ಲ ನದಿಗೆ.

ಪತ್ತೆಗೆ ಲೆಕ್ಕವೇ ಸಾಕು. ದಿನಕ್ಕೆ 30 ಲಕ್ಷ ಲೀಟರ್ ಕೊಳಚೆ, ಅದರಲ್ಲಿ ಕಳೆಯುವ ಬಿಒಡಿ ಲೀಟರಿಗೆ 200 ಮಿ.ಗ್ರಾಂ. ಎಂದರೆ ದಿನಕ್ಕೆ 600 ಕಿಲೋ. ಪ್ರತಿ ಕಿಲೋಗೆ ಅರ್ಧ ಕಿಲೋ ಒಣ ಕೆಸರು ಹುಟ್ಟುತ್ತದೆ ಎಂದು ಅಂದಾಜಿಸಿದರೆ ದಿನಕ್ಕೆ 300 ಕಿಲೋ. ರಿಟರ್ನ್ ಕೆಸರಿನಲ್ಲಿ ಶೇ. 0.8 ಘನವಸ್ತು ಇದ್ದರೆ ದಿನವೂ 37,500 ಲೀಟರ್ ತೆಗೆಯಬೇಕು. ಲಾಗ್ ಪುಸ್ತಕದಲ್ಲಿ 7,500 ಲೀಟರ್ ಮಾತ್ರ ಬರೆದಿದ್ದರೆ ದಿನಕ್ಕೆ 240 ಕಿಲೋ ಎಲ್ಲಿ ಹೋಯಿತು? ಎಂಎಲ್‌ಎಸ್‌ಎಸ್ ಏರುತ್ತಿದ್ದರೆ ಇನ್ನೂ ತೊಟ್ಟಿಯಲ್ಲಿದೆ. ಏರದಿದ್ದರೆ ನದಿಗೆ ಹೋಗಿದೆ, ಬಹುಶಃ ಮಾದರಿ ತೆಗೆಯುವವರು ಇಲ್ಲದ ಹೊತ್ತಿನಲ್ಲಿ. ತಿಂಗಳುಗಳಿಂದ ಕೂಡಿದ್ದನ್ನು ಒಂದೇ ದಿನ ತೆಗೆದುಬಿಡಬೇಡಿ. ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಇಲ್ಲದಿದ್ದರೆ ಮೇಲೆ ಹೇಳಿದ ಅಮೋನಿಯದ ತೊಂದರೆ ಎದುರಾಗುತ್ತದೆ.

ನೊರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಳಿ ನೊರೆ ಹೊಸ ಘಟಕದಲ್ಲಿ, ಇಲ್ಲವೇ ಡಿಟರ್ಜೆಂಟ್ ಹೆಚ್ಚಾದಾಗ ಬರುತ್ತದೆ. ಜಿಡ್ಡಾದ ಕಂದು ನೊರೆ ಎಣ್ಣೆಯಂಶ ಮತ್ತು ಹಳೆಯ ಕೆಸರಿನ ಗುರುತು. ಅದನ್ನು ಕೆನೆಯಂತೆ ಮೇಲಿಂದ ತೆಗೆದು ಹೊರಹಾಕಬೇಕು, ಘಟಕದ ಆರಂಭಕ್ಕೆ ಮತ್ತೆ ತಿರುಗಿಸಬಾರದು.

ಮಳೆಯ ದಿನ ಹರಿವು ಹಲವು ಪಟ್ಟಾದರೆ ಮಳೆನೀರಿನ ಚರಂಡಿ ಒಳಚರಂಡಿಗೆ ಸೇರಿದೆ. ಮಳೆಯಿಲ್ಲದ ದಿನ ನಸುಕಿನ 3 ಗಂಟೆಗೂ ಹರಿವು ತಗ್ಗದೆ, ನೀರು ತೆಳ್ಳಗೆ ತಿಳಿಯಾಗಿದ್ದರೆ ಬಿರುಕುಬಿಟ್ಟ ಕೊಳವೆಗಳಿಂದ ಅಂತರ್ಜಲ ನುಗ್ಗುತ್ತಿದೆ.

ಕ್ಲೋರಿನ್ ಹಾಕಿದರೂ ಕೋಲಿಫಾರ್ಮ್ (ಮಲದ ಸುಳಿವು ಕೊಡುವ ಬ್ಯಾಕ್ಟೀರಿಯಾ) ಇಳಿಯದಿದ್ದರೆ ಪ್ರಮಾಣ ಏರಿಸುವ ಮೊದಲು ನೀರಿನ ತಿಳಿ ನೋಡಿ. ಕೆಸರಿನ ಕಣದೊಳಗೆ ಅಡಗಿದ ಬ್ಯಾಕ್ಟೀರಿಯಾಕ್ಕೆ ಕ್ಲೋರಿನ್ ತಲುಪುವುದಿಲ್ಲ, ಅಮೋನಿಯವೂ ಕ್ಲೋರಿನ್ನನ್ನು ಹೀರಿಕೊಂಡು ದುರ್ಬಲಗೊಳಿಸುತ್ತದೆ. ಸಂಪರ್ಕ ತೊಟ್ಟಿಯಲ್ಲಿ ಹೂಳು ತುಂಬಿ 30 ನಿಮಿಷದ ಅವಕಾಶ 10 ನಿಮಿಷಕ್ಕೆ ಇಳಿದಿರಬಹುದು. ನದಿಗೆ ಬಿಡುವ ಮುನ್ನ ಉಳಿಕೆ ಕ್ಲೋರಿನ್ನನ್ನು ಸೋಡಿಯಂ ಬೈಸಲ್ಫೈಟ್‌ನಂಥದ್ದರಿಂದ ತೆಗೆಯಬೇಕು. ಲೀಟರಿಗೆ ಒಂದು ಮಿಲಿಗ್ರಾಂಗಿಂತ ಬಹಳ ಕಡಿಮೆ ಪ್ರಮಾಣವೂ ಮೀನಿಗೆ ಮಾರಕ.

ದೋಷ ಸಿಕ್ಕಿಯೂ ಅಂದೇ ಸರಿಪಡಿಸಲಾಗದ ಸಂದರ್ಭ ಬರುತ್ತದೆ, ಬ್ಲೋವರ್‌ನ ಬೇರಿಂಗ್ ಬರುವವರೆಗೆ ಕಾಯಬೇಕಾಗಬಹುದು. ಆಗ ಬೈಪಾಸ್ ತೆರೆಯುವುದು ಕಟ್ಟಕಡೆಯ ದಾರಿ. ಇರುವ ಗಾಳಿಯನ್ನು ಕೊಳಚೆ ಜೋರಾಗಿ ಬರುವ ಹೊತ್ತಿಗೆ ಮೀಸಲಿಡಿ, ಖಾಲಿ ತೊಟ್ಟಿಯಿದ್ದರೆ ಕೊಳಚೆಯನ್ನು ಅಲ್ಲಿ ಹಿಡಿದಿಡಿ, ಟ್ಯಾಂಕರ್‌ಗಳನ್ನು ವಾಪಸ್ ಕಳಿಸಿ. ನದಿಯ ಕೆಳಭಾಗದಲ್ಲಿ ಕುಡಿಯುವ ನೀರು ಎತ್ತುವವರಿಗೆ, ಮೀನು ಹಿಡಿಯುವವರಿಗೆ, ದನ ನೀರಿಗಿಳಿಸುವವರಿಗೆ ಅದೇ ಗಂಟೆಯಲ್ಲಿ ಸುದ್ದಿ ಮುಟ್ಟಿಸಿ, ಎಷ್ಟು ಹೊತ್ತಿಗೆ ಯಾರಿಗೆ ಹೇಳಿದಿರಿ ಎಂದು ಲಾಗ್ ಪುಸ್ತಕದಲ್ಲಿ ಬರೆಯಿರಿ. ಬ್ಲೋವರ್ ಮತ್ತೆ ಓಡಿದ ಮೇಲೂ ಕೆಳಭಾಗದ ಡಿಒ ಅನ್ನು ಕೆಲ ದಿನ ನಸುಕಿನಲ್ಲೇ ಹೋಗಿ ಅಳೆಯಿರಿ. ತಳಕ್ಕೆ ಕೂತ ಕೆಸರು ಆಮ್ಲಜನಕ ತಿನ್ನುವುದನ್ನು ಕೂಡಲೇ ನಿಲ್ಲಿಸುವುದಿಲ್ಲ.